ಅರಿಶಿನ ಹಚ್ಚಿದ ಅಂಕಪಟ್ಟಿ

ಎಪ್ಪತ್ತರ ದಶಕ ಮುಗಿಯುತ್ತಿದ್ದ ವರ್ಷಗಳವು. ಕೋಲಾರದಲ್ಲಿ ಬಿ.ಎಸ್ಸಿ. ಮುಗಿಸಿದ್ದ ನನ್ನ ನಾದಿನಿಗೆ ಬೆಂಗಳೂರಿನ ವಿಶ್ವವಿದ್ಯಾಲಯದಿಂದ ಎಂ.ಎಸ್ಸಿ. ಸಂದರ್ಶನಕ್ಕೆ ಕಾರ್ಡು ಬಂತು. ಶ್ರೀನಿವಾಸಪುರದ ನಮ್ಮ ಬೀದಿಯಲ್ಲಿ ಅಷ್ಟು ಓದಿದ ಹೆಣ್ಣುಮಗಳು ಇನ್ನೊಬ್ಬಳಿರಲಿಲ್ಲ. ಅತ್ತೆಯವರು ಮಾತ್ರ ಮಗಳಿಗೆ ಖಂಡಿತವಾಗಿ ಹೇಳಿಬಿಟ್ಟಿದ್ದರು: "ಸೀಟು ಸಿಕ್ರೆ ಓದ್ಕೊ. ಸಿಗ್ಲಿಲ್ವಾ, ಮದನಪಲ್ಲಿ ಗಂಡಿಗೆ ಹೂಂ ಅಂತೀನಿ. ಇನ್ನೊಂದು ವರ್ಷ ಕಾಯೋಳಲ್ಲ ನಾನು."

ಶುಭದ ಕಾಗದ ಯಾವುದೇ ಬರಲಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಮುಂದೆ ಇಡುವುದು ನಮ್ಮ ಮನೆಯ ಪದ್ಧತಿ. ಹೊರಡುವ ಹಿಂದಿನ ಸಂಜೆ ಅವಳ ಅಂಕಪಟ್ಟಿಗೂ ನಾನೇ ಹಚ್ಚಿದೆ. ಅರಿಶಿನ ಸ್ವಲ್ಪ ನೀರಾಗಿತ್ತು. ದೇವರ ಕೆಲಸಕ್ಕೆ ಅದೇನು ಲೆಕ್ಕ ಎಂದುಕೊಂಡು, ನಮಸ್ಕಾರ ಮಾಡಿ, ಹಾಗೇ ಮಡಿಸಿ ಅವಳ ಚೀಲಕ್ಕೆ ಹಾಕಿದೆ.

ನಮ್ಮ ಮನೆಯವರು ಮಾವಿನ ಮಂಡಿ ಬಿಟ್ಟು ಬರುವ ಹಾಗಿರಲಿಲ್ಲ. ಮೊದಲ ಬಸ್ಸಿಗೆ ನಾವಿಬ್ಬರೇ ಹೋದೆವು. ಕಚೇರಿಯ ಗುಮಾಸ್ತರು ಅಂಕಪಟ್ಟಿ ಬಿಡಿಸಿ ನನ್ನ ಮುಖ ನೋಡಿದರು.

"ಏನಮ್ಮಾ ಇದು, ಲಗ್ನಪತ್ರಿಕೆ ಅಂದ್ಕೊಂಡ್ರಾ? ಹುಡುಗ ಯಾರು?"

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಅರಿಶಿನದ ನೀರು ಮಡಿಕೆಗಿಳಿದು, ರಸಾಯನಶಾಸ್ತ್ರದ ಅಂಕದ ಶಾಯಿ ಕದಡಿತ್ತು. ಎಂಬತ್ತೆರಡೋ ಮೂವತ್ತೆರಡೋ ತಿಳಿಯುತ್ತಿರಲಿಲ್ಲ. ಅವಳು ಕೇಳಿದ್ದು ಅದೇ ವಿಷಯದ ಸೀಟು. ತಿದ್ದಿದಂತೆ ಕಾಣುವ ಪಟ್ಟಿ ತೆಗೆದುಕೊಳ್ಳುವ ಹಾಗಿಲ್ಲವೆಂದು ಅವರು ಅದನ್ನು ಈಚೆಗೆ ತಳ್ಳಿದರು.

ನಾದಿನಿ ಅಳಲಿಲ್ಲ. ಗೋಡೆಯ ಕಡೆ ತಿರುಗಿಕೊಂಡು, "ಅತ್ತಿಗೆ, ನಿಮ್ ಭಕ್ತಿಗೆ ನನ್ ಓದೇ ಬೇಕಿತ್ತಾ?" ಅಂದಳು.

ನಾನು ಮತ್ತೆ ಗುಮಾಸ್ತರ ಮುಂದೆ ಹೋಗಿ ನಿಂತೆ. "ಸ್ವಾಮಿ, ತಪ್ಪು ನಂದು, ಮಗೂದಲ್ಲ. ಅಂಕ ಕೊಟ್ಟೋರೂ ನೀವೇ ತಾನೆ? ನಿಮ್ಹತ್ರ ಎಲ್ಲಾದ್ರೂ ಬರ್ದಿಟ್ಟಿರಲ್ವಾ?"

ಅವರು ಪೆನ್ನಿನಿಂದ ಕಿಟಕಿಯಾಚೆ ತೋರಿಸಿದರು. "ಪರೀಕ್ಷಾ ವಿಭಾಗದಲ್ಲಿರುತ್ತೆ, ಆ ಕಟ್ಟಡ. ಪಟ್ಟಿ ಮೇಲೆ ಅಂಕ ಬರೆಸಿ, ಸಹಿ ಹಾಕಿಸ್ಕೊಂಡು ಸಂದರ್ಶನ ಮುಗಿಯೋದ್ರೊಳಗೆ ಬನ್ನಿ. ಮುಗಿದ್ಮೇಲೆ ನನ್ನ ಕೇಳ್ಬೇಡಿ."

ಸೆರಗು ಸಿಕ್ಕಿಸಿಕೊಂಡು ಓಡಿದೆ. ಅವಳು ನನಗಿಂತ ಮುಂದೆ ಓಡಿದಳು. ಅಲ್ಲಿ ಕನ್ನಡಕದ ಹೆಂಗಸೊಬ್ಬರು ಮೇಜಿನಗಲದ ರಿಜಿಸ್ಟರು ತೆರೆದು, ಸಾಲಿನ ಮೇಲೆ ಬೆರಳಾಡಿಸಿ, "ಎಂಬತ್ತೆರಡು" ಅಂದರು. ನಾನೂ ಬಗ್ಗಿ ನೋಡಿದೆ. ಸೊನ್ನೆಯ ಮೇಲೆ ಸೊನ್ನೆ ಕೂರಿಸಿದ ಹಾಗೆ ದುಂಡಗಿನ ಎಂಟು. ಎಂದೋ ಒಂದು ಮಧ್ಯಾಹ್ನ, ನೂರಾರು ಹೆಸರುಗಳ ನಡುವೆ ಯಾರೋ ಬೇಸರಪಡದೆ ಅದನ್ನು ಅಷ್ಟು ನೀಟಾಗಿ ಬರೆದಿದ್ದರು. ನಾನು ದೇವರನ್ನು ಬೇಡಿಕೊಳ್ಳುವ ಮೊದಲೇ ಆತ ಯಾರ ಕೈಯಲ್ಲೋ ಈ ಕೆಲಸ ಮಾಡಿಸಿಟ್ಟಿದ್ದ.

ಸಹಿ ಹಾಕಿಸಿಕೊಂಡು, ಗುಮಾಸ್ತರಿಗೆ ತೋರಿಸಿ, ನಾವು ಸಂದರ್ಶನದ ಕೋಣೆಯ ಬಾಗಿಲಿಗೆ ಬರುವಾಗ ಒಳಗೆ ಇನ್ನೊಬ್ಬನೇ ಹುಡುಗ ಉಳಿದಿದ್ದ. ಅವನ ನಂತರ ಅವಳನ್ನು ಕರೆದರು. ನಾಲ್ಕು ಗಂಟೆಗೆ ಪಟ್ಟಿ ಹಾಕಿದಾಗ ಅವಳ ಹೆಸರಿತ್ತು.

ವಾಪಸು ಬರುವ ಬಸ್ಸು ಹೊಸಕೋಟೆ ದಾಟಿದ ಮೇಲೆ ನಾನೇ ಕೇಳಿದೆ: "ಅರಿಶಿನದ ವಿಷಯ ನಿಮ್ಮಮ್ಮಂಗೆ ಹೇಳ್ತೀಯೇನೇ?"

"ಸೀಟು ಸಿಕ್ತು ಅಂತ ಹೇಳ್ತೀನಿ," ಅಂದಳು. "ಮಿಕ್ಕಿದ್ದು ನಿಮಗೂ ಆ ದೇವ್ರಿಗೂ ಬಿಟ್ಟಿದ್ದು."