ಗಾಣದ ಸರದಿ

ಕರಜಗಿಯಲ್ಲಿ ಕಬ್ಬು ಬೆಳೆಯುವ ಕೆಲವು ಮನೆಯವರು ಸೇರಿ ಸಂಘ ಕಟ್ಟಿ, ಕಬ್ಬಿಣದ ಗಾಣವೊಂದನ್ನು ಕೊಂಡಿದ್ದೆವು. ನಿಜಾಮರ ಕಾಲ. ಅಫಜಲಪುರದಿಂದ ಬಂದ ಅಧಿಕಾರಿ ನಿಯಮಗಳನ್ನು ಉರ್ದುವಿನಲ್ಲಿ ಓದಿದ. ನಮಗೆ ತಿಳಿದದ್ದು ಇಷ್ಟು: ಗಾಣ ಎಲ್ಲರದು, ಪಾಲು ಎಷ್ಟೇ ಇರಲಿ, ತೀರ್ಮಾನದಲ್ಲಿ ಒಬ್ಬರಿಗೆ ಒಂದೇ ಮಾತು. ಉಳಿದದ್ದನ್ನು ನಾವೇ ಮಾಡಿಕೊಂಡೆವು. ಸದಸ್ಯರೆಲ್ಲ ಹೊಲದಿಂದ ಹೊಲಕ್ಕೆ ನಡೆದು ಕಬ್ಬು ಅಗಿದು ನೋಡಿ, ಯಾರದು ಮೊದಲು ಎಂದು ಸರದಿ ಹಚ್ಚುವುದು. ತನ್ನ ಹೊಲವೇ ಮೊದಲೆಂದು ತಾನು ಬಾಯಿ ಬಿಡುವಂತಿಲ್ಲ.

ಆ ವರ್ಷ ನನ್ನ ಅತ್ತೆಯ ಕಬ್ಬು ಗಾಳಿಗೆ ಮಲಗಿತ್ತು. ಮಾವ ತೀರಿಕೊಂಡ ಮೇಲೆ ಅವಳೇ ಸದಸ್ಯೆ. ಮೊದಲ ಸರದಿ ಸಿಗದಿದ್ದರೆ ರಸ ಹುಳಿಯಾಗಿ ಬೆಲ್ಲ ಕಟ್ಟುತ್ತಿರಲಿಲ್ಲ. ಗಾಳಿ ಬೀಸಿದ್ದು ಹಗಲೋ ರಾತ್ರಿಯೋ ನೆನಪಿಲ್ಲ. ಗುಡುಗು ಸೇರಿಸಿದರೆ ಬರಹ ಚಂದವಾದೀತು, ಸೇರಿಸುವುದಿಲ್ಲ.

ಅಗಿಯುವ ದಿನ, ಮೊದಲ ಸರದಿಗೆ ಕಾದಿದ್ದ ಊರ ಗೌಡರು ಮೂವರು ಗಂಡುಮಕ್ಕಳೊಡನೆ ಬಂದರು.

"ನನ್ನ ಪಾಲು ಮೂರಾಳಿಂದು. ಮೂರು ಬಾಯಿ ಅಗೀತಾವ."

ಅತ್ತೆ ಸೆರಗು ಸರಿಮಾಡಿಕೊಂಡಳು. "ನಿಮಗ ಹಲ್ಲಿಲ್ರಿ ಗೌಡ್ರ, ಅದಕ್ಕ ಒಬ್ಬ ಮಗ ಅಗೀಲಿ. ಉಳಿದವ್ರು ಎತ್ತು ಕಾಯ್ಲಿ."

"ತಂಗೀ, ಗಾಣಕ್ಕ ಹೆಚ್ಚು ಕೊಟ್ಟಾಂವ ನಾನು!"

"ಹೌದ್ರಿ. ಹೆಚ್ಚು ಲಾಭ ತಗೋರಿ. ಹೆಚ್ಚು ಬಾಯಿ ಬ್ಯಾಡ."

ಎಲ್ಲರೂ ನಕ್ಕರು ಎನ್ನುತ್ತದೆ ನೆನಪು. ಎಲ್ಲರನ್ನೂ ಒಟ್ಟಿಗೆ ನಗಿಸುವುದು ಅದರ ಚಟ. ಗೌಡರಂತೂ ನಗಲಿಲ್ಲ. ಆದರೆ ಇಬ್ಬರು ಮಕ್ಕಳಿಗೆ ಹಿಂದೆ ಸರಿಯಲು ಕೈ ಮಾಡಿದರು.

ನಮ್ಮ ಹೊಲದಲ್ಲಿ ಗೌಡರ ಹಿರಿಯ ಮಗ ಕಬ್ಬಿನ ಒಂದು ಗಣಿಕೆ ಮುರಿದು ಬಹಳ ಹೊತ್ತು ಅಗಿದ. ಅತ್ತೆ ನನ್ನ ತೋಳು ಹಿಡಿದಿದ್ದಳು, ಉಗುರು ಚುಚ್ಚುತ್ತಿತ್ತು. ಅವನು ಸಿಪ್ಪೆ ಉಗುಳಿದ.

"ಅಪ್ಪಾ, ಇದು ತಡಿಯೂದಿಲ್ಲ. ನಮ್ಮದು ಇನ್ನೂ ನಿಲ್ತದ."

"ಹುಚ್ಚ ಸೂಳೇಮಗನ, ನೀ ಯಾರ ಕಡೆ ಅದಿಯಲೇ?"

"ಕಬ್ಬಿನ ಕಡೆ."

ಉಳಿದವರೂ ಅಗಿದು ಅದನ್ನೇ ಹೇಳಿದರು. ಮೊದಲ ಸರದಿ ನಮಗೆ ಬಂತು. ಆಮೇಲೆ ಗೌಡರು, ಸರದಿ ತಪ್ಪಿ ಖಾಲಿ ನಿಂತಿದ್ದ ತಮ್ಮ ಎತ್ತುಗಳನ್ನೇ ನಮ್ಮ ಸರದಿಯ ಗಾಣ ತಿರುಗಿಸಲು ಕಳಿಸಿದರು. ದೊಡ್ಡ ಮನಸ್ಸೋ, ಎತ್ತು ಸುಮ್ಮನೆ ಮೇವು ತಿನ್ನಬಾರದೆಂಬ ಲೆಕ್ಕವೋ, ನಾನು ಇಂದಿಗೂ ತೀರ್ಮಾನಿಸಿಲ್ಲ.

ಅಚ್ಚಿನಿಂದ ಬೆಲ್ಲದ ಮೊದಲ ಪೆಂಟಿ ಗಟ್ಟಿಯಾಗಿಯೇ ಹೊರಬಂತು. ಅತ್ತೆ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಕುಸಿಯಲಿಲ್ಲ. ಕೈ ಒರೆಸಿಕೊಂಡು ಕುಡುಗೋಲು ತೆಗೆದುಕೊಂಡಳು.

"ನಡಿ ಬೇ. ಮುಂದಿನ ಸರದಿ ಗೌಡರದು, ಅವರ ಕಬ್ಬು ಕಡಿಯಾಕ ಆಳು ಬೇಕಾಗ್ತಾವ."