ಗೋಡೆಯಾಚೆಯ ಕೂಸುಗಳು

ಅಂಕಲ್‌ರ ಅಂಗೈ ಸದಾ ಬಿಳಿಚಿಕೊಂಡು ಬಿರುಕು ಬಿಟ್ಟಿರುತ್ತಿತ್ತು. ಬಟ್ಟೆಯ ಕಲೆ ತೆಗೆಯುವ ರಾಸಾಯನಿಕ ಅವರ ಬೆರಳುಗಳ ಗೆರೆಗಳನ್ನೂ ಅಳಿಸಿಬಿಟ್ಟಿತ್ತು. ಹುಬ್ಬಳ್ಳಿ ಕಡೆಯವರು, ಅಮೆರಿಕದ ವಾಲ್‌ನಟ್ ಎಂಬ ಊರಿನಲ್ಲಿ ತಮ್ಮನ ಜೊತೆ ಇಪ್ಪತ್ತು ವರ್ಷಗಳಿಂದ ಡ್ರೈ ಕ್ಲೀನಿಂಗ್ ಅಂಗಡಿ ನಡೆಸುತ್ತಿದ್ದರು. ನನ್ನ ರೇಷ್ಮೆ ಸೀರೆಯ ಅಂಚನ್ನು ಕೈಯಲ್ಲೇ ಒರೆಸುತ್ತ, "ಇದು ತವರುಮನಿ ಸೀರಿ ಇರಬೇಕಲ್ರಿ" ಎನ್ನುವರು. ಅವರ ಊಹೆ ತಪ್ಪಿದ್ದು ಕಡಿಮೆ.

ಅಂಗಡಿಗೆ ಅಂಟಿಕೊಂಡೇ ಒಂದು ಡೇಕೇರ್ ಇತ್ತು. ನನ್ನ ಮಗಳು ಎರಡು ವರ್ಷದವಳಿದ್ದಾಗಿನಿಂದ ಅಲ್ಲಿಗೇ ಹೋಗುತ್ತಿದ್ದಳು.

೨೦೨೨ರಲ್ಲಿ ಅಂಗಡಿಯ ಹಳೆಯ ಯಂತ್ರ ತೆಗೆಸಿದಾಗ ಕೆಳಗಿನ ಕಾಂಕ್ರೀಟ್ ಒಡೆದಿರುವುದು ಕಂಡಿತು. ಅಂಕಲ್ ಮಣ್ಣನ್ನು ಪರೀಕ್ಷೆಗೆ ಕಳಿಸಿದರು. ರಾಸಾಯನಿಕ ವರ್ಷಗಟ್ಟಲೆ ಒಸರಿ ನೆಲಕ್ಕಿಳಿದಿತ್ತು; ಅದರ ಆವಿ ಡೇಕೇರ್‌ನೊಳಗೂ ಸೇರುತ್ತಿತ್ತು.

"ಯಾರಿಗೂ ಗೊತ್ತಿಲ್ಲಣ್ಣ. ಸಿಮೆಂಟ್ ಹಾಕಿ ಮುಚ್ಚಿಬಿಡೂಣು," ಎಂದನಂತೆ ತಮ್ಮ.

"ಗ್ವಾಡಿ ಆಚೆ ಕೂಸುಗಳು ಮಲಗ್ತಾವ," ಎಂದಷ್ಟೇ ಹೇಳಿ ಅಂಕಲ್ ತಾವೇ ಅಧಿಕಾರಿಗಳಿಗೆ ಫೋನ್ ಮಾಡಿದರು. ಅವರ ಹೆಂಡತಿ, ನಮ್ಮ ಆಂಟಿ, ಇದನ್ನು ನನಗೆ ಹೇಳಿದ್ದು ಬಹಳ ತಡವಾಗಿ.

ಮರುದಿನ ಸಂಜೆ ಅಂಕಲ್ ಡೇಕೇರ್ ಬಾಗಿಲಲ್ಲಿ ನಿಂತು ಮಕ್ಕಳ ತಂದೆತಾಯಿಯರಿಗೆಲ್ಲ ವಿಷಯ ತಿಳಿಸುತ್ತಿದ್ದರು. ನನ್ನನ್ನು ಕಂಡವರೇ, "ತಪ್ಪು ನಮ್ದ ಅದ. ಮಗಳನ್ನ ಇನ್ನ ಇಲ್ಲಿ ಬಿಡಬ್ಯಾಡ್ರಿ. ಡಾಕ್ಟರ್‌ಗೆ ತೋರಸ್ರಿ," ಎಂದರು.

"ಇಷ್ಟು ವರ್ಷ ನಿಮಗೆ ಗೊತ್ತೇ ಆಗ್ಲಿಲ್ವಾ ಅಂಕಲ್?"

"ವಾಸನಿ ಬರತಿತ್ತು. ನಾ ವಿಚಾರ ಮಾಡಲಿಲ್ಲ."

ನಾನು ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟುಬಿಟ್ಟೆ.

ಡೇಕೇರ್ ಮುಚ್ಚಿತು, ಅಂಗಡಿಯೂ ಮುಚ್ಚಿತು. ಕೆಟ್ಟ ಮಣ್ಣನ್ನು ತೆಗೆಸಲು ಅಂಕಲ್ ಮನೆ ಮಾರಿದರು. ಒಡಹುಟ್ಟಿದ ತಮ್ಮ ಮಾತು ಬಿಟ್ಟ. ನನ್ನ ಮಗಳ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಆದರೂ ಪ್ರತಿ ವರ್ಷ ತೋರಿಸುತ್ತಿರಿ ಎಂದರು ಡಾಕ್ಟರ್. ಅಂಕಲ್ ಆಗಾಗ ಫೋನ್ ಮಾಡುತ್ತಿದ್ದರು, ನಾನು ಎತ್ತುತ್ತಿರಲಿಲ್ಲ. "ಕೂಸಿನ ರಿಪೋರ್ಟ್ ಏನ್ ಬಂತ್ರಿ?" ಎಂಬ ವಾಯ್ಸ್‌ಮೇಲ್ ಕೇಳಿ ಅಳಿಸಿಹಾಕುತ್ತಿದ್ದೆ.

ಕಳೆದ ವರ್ಷ ಅವರು ಕಿಡ್ನಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ರಾಸಾಯನಿಕದಿಂದಲೇ ಬಂತೆಂದು ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಅಂತ್ಯಕ್ರಿಯೆಗೆ ಹತ್ತು ಜನ ಬಂದಿದ್ದೆವೋ ಏನೋ. ತಮ್ಮ ಬಂದಿರಲಿಲ್ಲ.

ಆಂಟಿ ನನ್ನ ಕೈ ಹಿಡಿದು, "ಮಗಳು ಆರಾಮ ಇದ್ದಾಳ? ಕೊನಿತನಕ ಕೇಳತಿದ್ರು," ಎಂದರು.

"ಆರಾಮಾಗಿದ್ದಾಳೆ ಆಂಟಿ. ಪ್ರತಿ ಸಲವೂ ರಿಪೋರ್ಟ್ ಸರಿಯಾಗೇ ಬಂದಿದೆ."

ಅಂಕಲ್ ಬಾಯಿ ಬಿಡದಿದ್ದರೆ ನನ್ನ ಮಗಳು ಇನ್ನೆಷ್ಟು ದಿನ ಅಲ್ಲೇ ಮಲಗುತ್ತಿದ್ದಳೋ. ಇದನ್ನು ನಾನು ಅವರಿಗೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ.