ಲಾಭ, ಎರಡು, ಮೂರು

ಅಂಕಮ್ಮನ ಜನ ಎಣಿಸುವಾಗ ‘ಒಂದು’ ಎನ್ನುವುದಿಲ್ಲ. ರಾಗಿ ಅಳೆದರೂ ಕುರಿ ಎಣಿಸಿದರೂ ಮೊದಲನೆಯದು ‘ಲಾಭ’, ಆಮೇಲೆ ಎರಡು, ಮೂರು. ತಮಿಳುನಾಡಿನ ಪೆನ್ನಾಗರಂ ಆಚೆಯ ಕಾಡಂಚಿನಲ್ಲಿ ಐವತ್ತೆರಡು ವರ್ಷ ಬದುಕಿದ ಅವಳ ಬಾಯಲ್ಲಿ ಎಣಿಕೆ ಬೇರೆ ರೀತಿ ಬಂದದ್ದೇ ಇಲ್ಲ. ಆ ಶನಿವಾರ ಬೆಳಿಗ್ಗೆ ಒಂದು ಸಲ ಬಂತು.

ನಾಲ್ಕು ವರ್ಷದ ಹಿಂದೆ ಆಪರೇಷನ್ ಆಗಿ ಧರ್ಮಪುರಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಪಕ್ಕದ ಮಂಚದ ಮೀನಾ ಎಂಬ ಹೆಂಗಸು ದಿನಾ ಸಂಜೆ ಇವಳ ಹೆಸರು ಹೇಳಿ ಯೇಸುವನ್ನು ಬೇಡುತ್ತಿದ್ದಳು. ಇವಳು ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಹೊರಟ ದಿನವೂ ಮೀನಾ ಪ್ರತಿಯಾಗಿ ಏನನ್ನೂ ಕೇಳಲಿಲ್ಲ. ಅಂಥವರನ್ನು ಅಂಕಮ್ಮ ಅದುವರೆಗೆ ಕಂಡಿರಲಿಲ್ಲ. ಊರ ಹೊರಗಿನ ತಗಡಿನ ಪ್ರಾರ್ಥನಾಮಂದಿರಕ್ಕೆ ಅವಳು ಹೋಗತೊಡಗಿದ್ದು ಆಮೇಲೆ. ಗಂಡ ಗೋಪಾಲಪ್ಪ ಜೊತೆಗೆ ಬರಲಿಲ್ಲ, ತಡೆಯಲೂ ಇಲ್ಲ.

ಸುಗ್ಗಿಯ ಆರಾಧನೆಗೆ ಅಲ್ಲಿ ಎಲ್ಲರೂ ಬೆಳೆದದ್ದರಲ್ಲಿ ಒಂದು ಪಾಲು ತರುತ್ತಾರೆ, ಅಂಗಳದಲ್ಲೇ ಹರಾಜು ಹಾಕುತ್ತಾರೆ. ಹಳೆಯ ಕಾಲದ ಕುರಿಯವರು ಮರಿಗಳನ್ನು ಕೋಲಿನ ಕೆಳಗೆ ಹಾಯಿಸಿ, ಹತ್ತನೆಯದನ್ನು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡದೆ ದೇವರಿಗೆ ಬಿಡುತ್ತಿದ್ದರೆಂದು ಪಾಸ್ಟರ್ ಪಳನಿಯಪ್ಪನ್ ಈ ಸಲ ಮಾತಿನ ನಡುವೆ ಹೇಳಿದ್ದರು. ತಾನೂ ಹಾಗೇ ಬಿಡುತ್ತೇನೆಂದು ಅಂಕಮ್ಮ ಅಲ್ಲೇ ಕೂತು ಮನಸ್ಸಿನಲ್ಲಿ ಹರಕೆ ಹೊತ್ತಳು.

ಶನಿವಾರ ಕುರಿರೊಪ್ಪದ ಬಾಗಿಲಿಗೆ ಕೋಲು ಅಡ್ಡ ಹಿಡಿದು ನಿಂತಳು. ಆ ವರ್ಷದ ಮರಿ ಹದಿಮೂರು. ಮೊದಲನೆಯದು ನುಸುಳುತ್ತಿದ್ದಂತೆ ಬಾಯಿ ‘ಲಾಭ’ ಅಂದಿತು. ನಾಲಿಗೆ ಕಚ್ಚಿಕೊಂಡಳು. ದೇವರಿಗೆ ಬಿಡುವಾಗ ಲಾಭ ಅನ್ನಬಹುದೇ? ‘ಒಂದು’ ಎಂದು ತಿದ್ದಿಕೊಳ್ಳುವಷ್ಟರಲ್ಲಿ ಎರಡನೆಯ ಮರಿ ಕೋಲಿನಡಿ ಇತ್ತು. ಹಾಗೇ ಮುಂದುವರಿದಳು. ಒಂಬತ್ತು ಅನ್ನುವಾಗ ಕರಿಮುಖದ ಹೆಣ್ಣುಮರಿ ದಾಟಿತು. ಹತ್ತು ಅನ್ನುವಾಗ ಗೊರಸು ಸೊಟ್ಟಗಿದ್ದ ಟಗರುಮರಿ.

ಅವಳಿಗೆ ಜೀವ ಬಂದಂತಾಯಿತು. ಕರಿಮುಖದ್ದು ತವರಿಂದ ಅವಳ ಜೊತೆ ಬಂದ ಕುರಿಯ ಕೊನೆಯ ಕುಡಿ. ಅದರ ತಾಯಿ ಈಯುವಾಗ ಸತ್ತಿದ್ದರಿಂದ, ಸೀಸೆಯಲ್ಲಿ ಹಾಲು ಕುಡಿಸಿ ಅದನ್ನು ಉಳಿಸಿಕೊಂಡಿದ್ದಳು. ಗೋಪಾಲಪ್ಪ ಸೊಟ್ಟಕಾಲಿನದನ್ನು ಹಿಡಿದು ಮೊಪೆಡ್ಡಿನ ಮುಂದೆ ಕೂರಿಸಿಕೊಂಡು, ಪ್ರಾರ್ಥನಾಮಂದಿರಕ್ಕೆ ಒಪ್ಪಿಸಿ ಬರಲು ಹೊರಟ.

ಉಳಿದವು ದಾಟಿದಾಗ ಎಣಿಕೆ ಹನ್ನೆರಡಕ್ಕೆ ನಿಂತಿತು. ಒಂದು ಮರಿ ಎಲ್ಲಿ? ರೊಪ್ಪದ ಮೂಲೆ ನೋಡಿದಳು, ಬೇಲಿಯ ಪೊದೆಗೆ ಕೋಲು ಹಾಕಿ ನೋಡಿದಳು, ನರಿ ಬಂದಿತ್ತೇನೋ ಎಂದು ಮಣ್ಣಿನಲ್ಲಿ ಹೆಜ್ಜೆ ಹುಡುಕಿದಳು. ಕೊನೆಗೆ ಸೊಸೆ ಶಶಿಕಲಾಳನ್ನು ಕೂಗಿದಳು. ಶಶಿಕಲಾ ಬೆರಳು ತೋರಿಸಿ ತಮಿಳಿನಲ್ಲಿ ಎಣಿಸಿದಳು. ಇಲ್ಲಿ ಹನ್ನೆರಡು, ಗಾಡಿಯಲ್ಲಿ ಹೋದದ್ದು ಒಂದು. ಯಾವುದೂ ಕಳೆದಿರಲಿಲ್ಲ.

ಅಂಕಮ್ಮನಿಗೆ ಆಗ ಹೊಳೆಯಿತು. ‘ಲಾಭ’ ಎಂದ ಮರಿ ಎಣಿಕೆಗೇ ಸಿಕ್ಕಿರಲಿಲ್ಲ. ನಿಜವಾದ ಹತ್ತನೆಯದು ಕರಿಮುಖದ್ದು.

ವಾಪಸ್ಸು ಬಂದ ಗೋಪಾಲಪ್ಪ ಸಂಗತಿ ಕೇಳಿ ನಕ್ಕ. “ಒಂದು ತಪ್ಪಿದ್ರೆ ಏನಾಯ್ತಮ್ಮಿ? ನಿನ್ ಸಾಮಿ ಏನು ಸಂತೇಲಿ ಕುಂತವ್ನಾ, ಕಾಲೆತ್ತಿ ನೋಡಿ ತಗೊಳಾಕೆ?”

ಅವಳು ನಗಲಿಲ್ಲ. ನಾಲಿಗೆ ತಪ್ಪಿದ್ದು ಮೊದಲ ಮರಿಯಲ್ಲಿ. ಆಗ ಕರಿಮುಖದ್ದು ಸಾಲಿನಲ್ಲಿ ಎಲ್ಲಿತ್ತು? ಅದು ಹತ್ತನೆಯದಾಗಿ ಬರುತ್ತಿರುವುದು ಕಣ್ಣಿಗೆ ಬಿದ್ದಿತ್ತೇ? ಎಷ್ಟು ನೆನೆದರೂ ತಿಳಿಯಲಿಲ್ಲ. ಕೆಲಸದ ನಡುವೆ ಎರಡು ಸಲ ಹೋಗಿ ಬಾಗಿಲಲ್ಲಿ ನಿಂತು ನೋಡಿದಳು, ಸಾಲಿನ ಕೊನೆ ಅಲ್ಲಿಂದ ಕಾಣುತ್ತದೋ ಇಲ್ಲವೋ ಎಂದು. ಅರ್ಧ ಕಾಣುತ್ತಿತ್ತು. ಅನುಮಾನವಿಲ್ಲದ್ದು ಒಂದೇ: ಸೊಟ್ಟಕಾಲಿನದು ಬಂದಾಗ ಅವಳಿಗೆ ಸಂತೋಷವಾಗಿತ್ತು.

ಪಾಸ್ಟರ್ ಹೇಳಿದ ಹತ್ತನೆಯ ಮರಿಯ ಮಾತು ಬರುವ ಜಾಗ ಓದು ಎಂದು ಶಶಿಕಲಾಳ ಹಿಂದೆ ಬಿದ್ದಳು. ಸೊಸೆ ಫೋನಿನಲ್ಲಿ ದೇವವಾಕ್ಯದ ತಮಿಳು ಹುಡುಕಿ, ತಡವರಿಸುತ್ತ ಓದಿ, ಅರ್ಥ ಹೇಳಿದಳು. ಒಂದರ ಬದಲು ಇನ್ನೊಂದನ್ನು ಬಿಟ್ಟರೆ ಎರಡೂ ದೇವರದೇ ಆಗುತ್ತವೆ.

“ಎಲ್ಡೂವಾ?”

“ಎಲ್ಡೂ ಅಂತ್ಲೇ ಐತೆ ಅತ್ತೆ. ಬಿಡಿಸ್ಕಣಾಕೂ ಆಗಾಕಿಲ್ವಂತೆ.”

ಅಂಕಮ್ಮನಿಗೆ ಊಟ ಸೇರಲಿಲ್ಲ. ಭಾನುವಾರ ಹೊತ್ತು ಏರುವ ಮೊದಲೇ ಕರಿಮುಖದ ಮರಿಯ ಕೊರಳಿಗೆ ಹಗ್ಗ ಹಾಕಿ ಎರಡು ಮೈಲಿ ನಡೆದಳು. ಮರಿ ಬಾಲ ಆಡಿಸುತ್ತ ಬಂತು. ಎಳೆಯುವ ಕೆಲಸವೇ ಇರಲಿಲ್ಲ.

ಅಂಗಳದಲ್ಲಿ ಕುಂಬಳಕಾಯಿ, ರಾಗಿ ಚೀಲ, ತೆಂಗಿನಕಾಯಿಗಳನ್ನು ಜೋಡಿಸುತ್ತಿದ್ದ ಪಾಸ್ಟರಿಗೆ ಅವಳ ಮಾತಿನ ತಲೆಬುಡ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಹಗ್ಗವನ್ನು ಅವಳ ಕೈಗೇ ವಾಪಸ್ಸು ಇಟ್ಟರು.

“ಆ ಕಟ್ಟಳೆ ನಮಗಿಲ್ಲ ಅಮ್ಮಾ. ಮನಸ್ಸಿಟ್ಟು ಕೊಟ್ರೆ ಸಾಕು.”

“ಮನಸ್ಸು ಇಡ್ಲಿಲ್ಲ ಅಯ್ಯಾ,” ಎಂದಳು ಅಂಕಮ್ಮ. “ಅದಕ್ಕೇ ತಂದಿವ್ನಿ.”

ಅವರು ಅವಳ ಮುಖ ನೋಡಿದರು. ಹಗ್ಗ ತೆಗೆದುಕೊಂಡು, ಮರಿಯನ್ನು ಸೊಟ್ಟಕಾಲಿನದರ ಪಕ್ಕ ಕಟ್ಟಿದರು. ಆರಾಧನೆಗೆ ಕೂತಳು, ಹರಾಜಿಗೆ ನಿಲ್ಲಲಿಲ್ಲ. ಈ ಸಲ ಕೊಟ್ಟದ್ದು ಪ್ರೀತಿಗೋ ಭಯಕ್ಕೋ ಎಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು. ಹಾಡು ಹಾಡುವಾಗ ಪ್ರೀತಿ ಅನ್ನಿಸಿತ್ತು. ಮರಿ ಹಿಂದಿನಿಂದ ಕೂಗಿದಾಗ ಹಾಗನ್ನಿಸಿರಲಿಲ್ಲ.

ಸಂಜೆ ಕುರಿ ಬಂದವು. ಅಂಕಮ್ಮ ತಡಿಕೆ ಸರಿಸಿ ಬಾಗಿಲಲ್ಲಿ ನಿಂತು ಮರಿಗಳನ್ನು ಒಳಗೆ ಬಿಟ್ಟಳು. ಮೊದಲನೆಯದಕ್ಕೆ ಬಾಯಿ ‘ಲಾಭ’ ಅಂದಿತು. ಈ ಸಲ ತಿದ್ದಿಕೊಳ್ಳಲಿಲ್ಲ. ಎರಡು, ಮೂರು, ನಾಲ್ಕು. ಕೊನೆಯದು ಹನ್ನೊಂದು. ಸರಿಯಾಗಿತ್ತು.

ಆದರೂ ಇನ್ನೊಂದು ಸಲ ಎಣಿಸಿದಳು.